ತೊಂಬತ್ತು ನಿಮಿಷದ ಅಪ್ಪ

"ಬುರುಲ್ಚಾ, ಬೇಕಾದರೆ ಗೋಡೆ ಮೇಲೆ ಬರೆದಿಟ್ಟುಕೋ! ಹೊಸ ವರ್ಷ ಹುಟ್ಟೋದರೊಳಗೆ ನಿನ್ನ ಮಗಳು ನನ್ನನ್ನ 'ಆತಾ' ಅಂತ ಕರೀದೇ ಇದ್ರೆ ನನ್ನ ಹೆಸರು ತೊಲೊಮುಷೇ ಅಲ್ಲ!"

ಮದುವೆಯಾಗಿ ಇನ್ನೂ ಇಪ್ಪತ್ತು ದಿನವಾಗಿರಲಿಲ್ಲ. ಬುರುಲ್ಚಾ ಹೊಲಿಗೆ ಯಂತ್ರದಿಂದ ತಲೆ ಎತ್ತದೆ, "ಗೋಡೆಗೆ ಈಗಷ್ಟೇ ಸುಣ್ಣ ಹೊಡೆಸಿದೆ. ನೀವು ಸುಮ್ಮನೆ ಇನ್ನೊಂದು ಹೆಸರು ಹುಡುಕಿಟ್ಟುಕೊಂಡಿರಿ" ಎಂದಳು.

ಆತಾ ಎಂದರೆ ಆ ಸೀಮೆಯಲ್ಲಿ ಅಪ್ಪ. ಬುರುಲ್ಚಾಳ ಹನ್ನೆರಡು ವರ್ಷದ ಮಗಳು ಕುಂದುಜ್ ಅವನನ್ನು "ಬಾಯ್ಕೆ" ಎನ್ನುತ್ತಿದ್ದಳು. ತಪ್ಪೇನಿಲ್ಲ, ಗೌರವದ ಮಾತೇ. ಆದರೆ ಕರಾಕೋಲ್ ಪಟ್ಟಣದಲ್ಲಿ ಬಸ್ಸಿನ ಡ್ರೈವರೂ ಬಾಯ್ಕೆ, ಕಲ್ಲಂಗಡಿ ಮಾರುವವನೂ ಬಾಯ್ಕೆ, ನಲ್ಲಿ ರಿಪೇರಿಗೆ ಬಂದವನೂ ಬಾಯ್ಕೆ! ನಲವತ್ತಾರನೆಯ ವಯಸ್ಸಿನಲ್ಲಿ ಬ್ರಹ್ಮಚರ್ಯ ಬಿಟ್ಟು ಸಂಸಾರಕ್ಕೆ ಕಾಲಿಟ್ಟವನಿಗೆ ನಲ್ಲಿ ರಿಪೇರಿಯವನ ಪಕ್ಕದಲ್ಲಿ ಜಾಗವೇ?

ಅವನ ಜಂಬಕ್ಕೆ ಕಾರಣವಿತ್ತು. ಊರಿನ ಪುಟ್ಟ ಟೀವಿ ಕೇಂದ್ರದಲ್ಲಿ ಪರದೇಶದ ಸಿನಿಮಾಗಳಿಗೆ ಕಿರ್ಗಿಜ್ ಭಾಷೆಯಲ್ಲಿ ದನಿ ಕೊಡುವವನು ಅವನೊಬ್ಬನೇ. ಅದು ಬಡ ಕೇಂದ್ರ, ಇಬ್ಬರಿಗೆ ಸಂಬಳ ಕೊಡುವ ಶಕ್ತಿ ಅದಕ್ಕಿರಲಿಲ್ಲ. ಆದ್ದರಿಂದ ನಾಯಕನೂ ಅವನೇ, ನಾಯಕಿಯೂ ಅವನೇ, ನಾಯಿ ಬೊಗಳಿದರೆ ಅದೂ ಅವನೇ! ಇತ್ತೀಚೆಗಂತೂ ಬರುವ ಸಿನಿಮಾಗಳೆಲ್ಲ ಕೂಡಿಕೆ ಸಂಸಾರದವು. ಅವಳ ಮಕ್ಕಳು, ಇವನ ಮಕ್ಕಳು, ಒಂದೇ ಬಚ್ಚಲುಮನೆ, ದಿನಾ ಯುದ್ಧ. ಹಿಂದಿನ ಕಾಲದ ಸಿನಿಮಾಗಳಲ್ಲಿ ಮಲತಾಯಿ ಹುಬ್ಬು ಗಂಟಿಕ್ಕಿಕೊಂಡೇ ಬಾಗಿಲು ತೆರೆಯುತ್ತಿದ್ದಳು, ಮಲತಂದೆ ಬೆಲ್ಟು ಬಿಚ್ಚಿಕೊಂಡೇ ಒಳಗೆ ಬರುತ್ತಿದ್ದ. ಈಗ ಹಾಗಿಲ್ಲ. ಈಗಿನ ಮಲತಂದೆ ಚಿನ್ನದಂಥವನು. ಅಡುಗೆ ಸುಡುತ್ತಾನೆ, ನೀರಿಗೆ ಬೀಳುತ್ತಾನೆ, ಎಪ್ಪತ್ತೈದನೆಯ ನಿಮಿಷಕ್ಕೆ ಸರಿಯಾಗಿ ಮಗುವಿನ ಶಾಲೆಗೆ ಓಡಿಬಂದು ಮಾನ ಕಾಪಾಡುತ್ತಾನೆ. ಪಿಟೀಲು ಶುರುವಾಗುತ್ತದೆ. ಮಗು "ಅಪ್ಪಾ!" ಎನ್ನುತ್ತದೆ. ತೊಂಬತ್ತಕ್ಕೆ ಮುಗಿಯಿತು.

ಮಗುವಿನ "ಅಪ್ಪಾ!" ಕೂಡ ತೊಲೊಮುಷ್‌ನದೇ ದನಿ. ವಾರಕ್ಕೊಮ್ಮೆ ತನ್ನನ್ನು ತಾನೇ ಅಪ್ಪಾ ಎಂದು ಕರೆದುಕೊಂಡು, ತಾನೇ "ಮಗಳೇ!" ಎಂದು ಓಗೊಟ್ಟು, ತಾನೇ ಕಣ್ಣೊರೆಸಿಕೊಂಡು ಮನೆಗೆ ಬರುತ್ತಿದ್ದ. ಇಂಥ ನಲವತ್ತು ಸಿನಿಮಾ ಮಾಡಿದವನಿಗೆ ಒಂದು ಹುಡುಗಿ ಎಷ್ಟರವಳು!

"ಸಿನಿಮಾದವರಿಗೆ ತೊಂಬತ್ತು ನಿಮಿಷ ಸಾಕು. ನನಗೆ ಮೂರು ತಿಂಗಳಿದೆ" ಎಂದ.

"ಸಿನಿಮಾದ ಮಕ್ಕಳಿಗೆ ಸಂಬಳ ಕೊಡ್ತಾರೆ ಕಣ್ರೀ" ಎಂದಳು ಬುರುಲ್ಚಾ.

ಮರುದಿನದಿಂದಲೇ ದಂಡಯಾತ್ರೆ ಆರಂಭವಾಯಿತು. ಮೊದಲ ದೃಶ್ಯ: ಬೆಳಗಿನ ತಿಂಡಿ. ಸಿನಿಮಾದ ಮಲತಂದೆಯಂತೆ ಹಿಟ್ಟು ಕಲಸಿ, ಬಾಣಲೆಯಲ್ಲಿ ನಗುವ ಮುಖದ ದೋಸೆ ಹೊಯ್ದ. ಹೊಗೆಗೆ ಪಕ್ಕದ ಮನೆಯವರು ಬಕೆಟ್ ಹಿಡಿದು ಬಂದರು. ದೋಸೆಯೇನೋ ಮುಖದಂತೆಯೇ ಬಂದಿತ್ತು, ಆದರೆ ನಗುತ್ತಿರಲಿಲ್ಲ. ಕುಂದುಜ್ ಅದನ್ನು ಒಂದು ಗಳಿಗೆ ನೋಡಿ, ಬಟ್ಟೆಯಲ್ಲಿ ಸುತ್ತಿಟ್ಟಿದ್ದ ನಿನ್ನೆ ಕರಿದ ಬೊರ್ಸೋಕ್ ಉಂಡೆ ನಾಲ್ಕನ್ನು ಜೇಬಿಗೆ ಹಾಕಿಕೊಂಡು ಶಾಲೆಗೆ ನಡೆದಳು.

ಎರಡನೆಯ ದೃಶ್ಯ: ಹೃದಯ ತೆರೆದ ಮಾತು. ಮಂಚದ ತುದಿಯಲ್ಲಿ ಕುಳಿತು, ಕಂಠವನ್ನು ಎರಡು ಮೆಟ್ಟಿಲು ಕೆಳಗಿಳಿಸಿ ಹೇಳಿದ: "ಕುಂದುಜ್, ನಿನ್ನ ತಂದೆಯ ಜಾಗವನ್ನು ತುಂಬಲು ನಾನು ಬಂದಿಲ್ಲ. ನಿನ್ನ ಹೃದಯದಲ್ಲಿ ಒಂದು ಪುಟ್ಟ ಕುರ್ಚಿ ಇದ್ದರೆ..."

"ಬಾಯ್ಕೆ."

"ಹೇಳು ಮಗಳೇ!"

"ನನ್ನ ಕಂಪಾಸ್ ಪೆಟ್ಟಿಗೆ ಮೇಲೆ ಕೂತಿದ್ದೀರ."

ಮೂರನೆಯದು ನೀರಿಗೆ ಬೀಳುವ ದೃಶ್ಯ. ಎಲ್ಲ ಸಿನಿಮಾಗಳಲ್ಲೂ ನಲವತ್ತನೆಯ ನಿಮಿಷಕ್ಕೆ ಮಲತಂದೆ ಮೀನು ಹಿಡಿಯಲು ಹೋಗಿ ನೀರಿಗೆ ಬೀಳುತ್ತಾನೆ. ಅದುವರೆಗೆ ಮುಖ ಊದಿಸಿಕೊಂಡಿದ್ದ ಮಗು ಫಕ್ಕನೆ ನಗುತ್ತದೆ. ಅಕ್ಟೋಬರ್ ಕೊನೆಯ ಭಾನುವಾರ ಇಸಿಕ್-ಕುಲ್ ಸರೋವರದ ಕಟ್ಟೆಯಿಂದ ತೊಲೊಮುಷ್ ಬಲು ನಾಜೂಕಾಗಿ ಕಾಲು ಜಾರಿಸಿಕೊಂಡ. ನೀರು ಚೂರಿಯ ಹಾಗಿತ್ತು. ಕುಂದುಜ್ ನಗಲಿಲ್ಲ. ಅಮ್ಮನ ಕಡೆ ತಿರುಗಿ ಗಂಭೀರವಾಗಿ, "ಅಮ್ಮಾ, ಇವರಿಗೆ ಈಜು ಬರುತ್ತಾ?" ಎಂದು ಕೇಳಿದಳು.

"ಗೊತ್ತಿಲ್ಲ ಕಣೇ. ಮದುವೆಗೆ ಮುಂಚೆ ಅದೊಂದು ಕೇಳಲಿಲ್ಲ."

ಬರುತ್ತಿರಲಿಲ್ಲ. ದೋಣಿಯವನು ಕೊಕ್ಕೆ ಹಾಕಿ ಎಳೆದ. ಮೂರು ದಿನ ಎದೆಗೆ ಕುರಿಯ ಕೊಬ್ಬು ಸವರಿಕೊಂಡು, ಬಿಸಿ ಸಾರು ಕುಡಿದುಕೊಂಡು ಮಲಗಿದ. ಆ ವಾರದ ಸಿನಿಮಾದಲ್ಲಿ ನಾಯಕಿ ಆರಂಭದಿಂದ ಅಂತ್ಯದವರೆಗೆ ಕೆಮ್ಮಿದಳು.

ಬೇರೆ ಯಾರಾದರೂ ಇಷ್ಟಕ್ಕೇ ಬುದ್ಧಿ ಕಲಿಯುತ್ತಿದ್ದರು. ಆದರೆ ತೊಲೊಮುಷ್‌ಗೆ ಇನ್ನೂ ಒಂದು ಬಾಣ ಉಳಿದಿತ್ತು, ಎಪ್ಪತ್ತೈದನೆಯ ನಿಮಿಷ. ನವೆಂಬರಿನಲ್ಲಿ ಅದು ತಾನಾಗಿಯೇ ಬಂತು. ಶಾಲೆಯಲ್ಲಿ "ಏಳು ಪಿತೃಗಳ ದಿನ" ನಡೆಯಲಿತ್ತು. ತನ್ನ ಅಪ್ಪ, ಅವರಪ್ಪ, ಅವರಪ್ಪ ಎಂದು ಏಳು ತಲೆಮಾರಿನ ಹೆಸರು ಹೇಳಲು ಬಾರದವನು ಆಳಿಗಿಂತ ಕಡೆ ಎಂಬುದು ಅಲ್ಲಿಯವರ ಮಾತು. ಮಕ್ಕಳು ಒಬ್ಬೊಬ್ಬರಾಗಿ ವೇದಿಕೆ ಹತ್ತಿ ಆ ಹೆಸರುಗಳನ್ನು ಹೇಳಬೇಕು. ಹೇಳುತ್ತಿದ್ದಂತೆ ಚಿತ್ರಕಲೆಯ ಮೇಷ್ಟರು ದೊಡ್ಡ ಹಾಳೆಯಲ್ಲಿ ಬರೆದ ಮರದ ಕೊಂಬೆಗಳ ಮೇಲೆ ಅವನ್ನು ಬಣ್ಣದಲ್ಲಿ ಬರೆಯುತ್ತಾರೆ. ಆ ಮರಗಳು ವರ್ಷವಿಡೀ ಶಾಲೆಯ ಗೋಡೆಯ ಮೇಲೆ ತೂಗುತ್ತವೆ.

ತೊಲೊಮುಷ್ ಕೋಟು ಹಾಕಿಕೊಂಡು ಮೂರನೆಯ ಸಾಲಿನಲ್ಲಿ ಕುಳಿತ. ಬುರುಲ್ಚಾ ಹೊಲಿದ ನೀಲಿ ಅಂಗಿ ತೊಟ್ಟು ಕುಂದುಜ್ ಮೈಕಿನ ಮುಂದೆ ಬಂದಳು.

"ನಾನು ಕುಂದುಜ್. ನನ್ನ ತಂದೆ..."

ಅಲ್ಲಿಗೆ ನಿಂತಳು. ಒಂದು ಕ್ಷಣ, ಎರಡು ಕ್ಷಣ, ಐದು ಕ್ಷಣ. ತುಟಿ ಅಲುಗಿತು, ದನಿ ಬರಲಿಲ್ಲ. ಕಣ್ಣೆತ್ತಿ ನೇರವಾಗಿ ಮೂರನೆಯ ಸಾಲಿನ ಕಡೆ ನೋಡಿದಳು.

ತೊಲೊಮುಷ್‌ನ ಕಿವಿಯೊಳಗೆ ಪಿಟೀಲು ಶುರುವಾಯಿತು! ಸರಿಯಾಗಿ ಎಪ್ಪತ್ತೈದನೆಯ ನಿಮಿಷ! ಮಗು ತಡವರಿಸುತ್ತಿದೆ, ಸಭೆಯಲ್ಲಿ ಅವನನ್ನು ಹುಡುಕುತ್ತಿದೆ, ಹೇಳಲು ನಾಚುತ್ತಿದೆ. ಇನ್ನು ಸುಮ್ಮನಿರುವವನು ಗಂಡಸೇ? ಎದ್ದು ನಿಂತ. ಕಿಟಕಿಯ ಗಾಜು ನಡುಗುವಂಥ ತನ್ನ ಕಂಚಿನ ಕಂಠದಲ್ಲಿ ಘೋಷಿಸಿದ:

"ತೊಲೊಮುಷ್!"

ಸಭೆ ಗಕ್ಕನೆ ತಿರುಗಿತು. ಆ ದನಿ ಗೊತ್ತಿಲ್ಲದ ಮನೆ ಊರಿನಲ್ಲಿರಲಿಲ್ಲ. "ಅಯ್ಯೋ, ಟೀವಿಯವರು!" ಎಂದು ಯಾರೋ ಹೆಂಗಸು ಚಪ್ಪಾಳೆ ತಟ್ಟಿದಳು. ಒಬ್ಬರು ತಟ್ಟಿದರೆ ಸಾಲದೇ? ಎಲ್ಲರೂ ತಟ್ಟಿದರು. ವೇದಿಕೆಯ ಮೇಲಿದ್ದ ಟೀಚರ್ ಪುಳಕಗೊಂಡು, "ತುಂಬ ಚೆನ್ನಾಗಿದೆ! ಅವರ ತಂದೆ?" ಎಂದರು.

ಇಲ್ಲಿಯಾದರೂ ಕುಳಿತುಕೊಳ್ಳಬಹುದಿತ್ತು. ಆದರೆ ಏಳು ಪಿತೃಗಳನ್ನು ಎಬ್ಬಿಸಿ ನಡುದಾರಿಯಲ್ಲಿ ಬಿಡಬಾರದೆಂದು ಅವನ ಅಜ್ಜಿ ಚಿಕ್ಕಂದಿನಲ್ಲೇ ಕಿವಿ ಹಿಂಡಿ ಕಲಿಸಿದ್ದಳು. "ಸಾದಿರ್!" ಎಂದ. "ಬೆಕ್ಬೊಲೊತ್! ಚೊಕೊ! ಇಸಾಕ್! ಬೊರೊನ್ಚು! ಕಾರಾಬೆಕ್!" ಒಂದೊಂದು ಹೆಸರಿಗೂ ಚಪ್ಪಾಳೆ. ಒಂದೊಂದು ಹೆಸರೂ ಕುಂದುಜ್‌ಳ ಮರದ ಮೇಲೆ ಹಸಿರು ಬಣ್ಣದಲ್ಲಿ ಮೂಡಿತು. ಮೇಷ್ಟರ ಕೈಬರಹ ಮುತ್ತಿನಂತಿತ್ತು. ಕೊನೆಗೆ, ಹೇಳಲೇ ನಾಚಿಕೆಯಾಗುತ್ತದೆ, ಹದಿಮೂರು ವರ್ಷದೊಳಗಿನ ಮಕ್ಕಳ ವಿಭಾಗದಲ್ಲಿ ನಲವತ್ತಾರು ವರ್ಷದ ತೊಲೊಮುಷ್‌ಗೆ ಮೊದಲ ಬಹುಮಾನ ಬಂತು! ಬಣ್ಣದ ಪೆನ್ಸಿಲ್ ಡಬ್ಬಿ.

ಡಬ್ಬಿ ಹಿಡಿದು ವೇದಿಕೆಯತ್ತ ತಿರುಗಿದರೆ ಕುಂದುಜ್ ಇರಲಿಲ್ಲ. ಬುರುಲ್ಚಾ ಕೂಡ ಇರಲಿಲ್ಲ. ಅವನ ಹಿಂದಿನ ಕುರ್ಚಿಯಲ್ಲಿ ಬಿಳಿ ಕಲ್ಪಾಕ್ ಟೋಪಿಯ ಮುದುಕರೊಬ್ಬರು ಊರುಗೋಲು ಹುಡುಕುತ್ತಿದ್ದರು. ಅದನ್ನು ಎತ್ತಿಕೊಟ್ಟು, "ಹೇಗಿತ್ತು, ಹಿರಿಯರೇ?" ಎಂದು ಕೇಳಿದ. ಮುದುಕರು ಅವನ ಮುಖವನ್ನೇ ನೋಡಿದರು. ಊರುಗೋಲು ಕುಟ್ಟಿಕೊಂಡು ಹೊರಗೆ ಹೋದರು.

ಮನೆಯಲ್ಲಿ ಕುಂದುಜ್‌ಳ ಕೋಣೆಯ ಬಾಗಿಲು ಮುಚ್ಚಿತ್ತು. ಬುರುಲ್ಚಾ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳು. ಈರುಳ್ಳಿ ಮುಗಿದಿತ್ತು; ಬರಿಯ ಹಲಗೆಯನ್ನೇ ಹೆಚ್ಚುತ್ತಿದ್ದಳು.

"ಪಾಪ, ಮರೆತುಬಿಟ್ಟಿದ್ಳು. ನಾನು ಸ್ವಲ್ಪ ಕೈಹಿಡಿದೆ, ಅಷ್ಟೆ..." ಎಂದು ಅವನು ಆರಂಭಿಸಿದ.

"ಮರೆತಿರಲಿಲ್ಲ!" ಬುರುಲ್ಚಾ ಚಾಕು ಕೆಳಗಿಟ್ಟಳು. "ಅವಳಪ್ಪ ಸತ್ತು ನಾಲ್ಕು ವರ್ಷ ಆಯ್ತು. ಆ ಹೆಸರನ್ನ ಅವಳು ಜನರ ಮುಂದೆ ಒಂದು ಸಲಾನೂ ಹೇಳಿಲ್ಲ. ಒಂದು ತಿಂಗಳಿಂದ ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡ್ತಿದ್ಳು ಕಣ್ರೀ. ಗಂಟಲಿಗೆ ಬಂದಿತ್ತು. ಇನ್ನೊಂದು ಉಸಿರು ಬಿಟ್ಟಿದ್ದರೆ ಹೇಳ್ತಿದ್ಳು."

"ಮತ್ತೆ ನನ್ನ ಕಡೆ ಯಾಕೆ ನೋಡಿದ್ಳು?"

"ನಿಮ್ಮ ಹಿಂದೆ ಅವಳ ತಾತ ಕೂತಿದ್ದರು."

ತೊಲೊಮುಷ್‌ನ ಕೈಯಲ್ಲಿದ್ದ ಪೆನ್ಸಿಲ್ ಡಬ್ಬಿ ಇದ್ದಕ್ಕಿದ್ದಂತೆ ಭಾರವಾಯಿತು. ಬಿಳಿ ಟೋಪಿ. ಊರುಗೋಲು. "ಹೇಗಿತ್ತು, ಹಿರಿಯರೇ?" ಅಯ್ಯೋ! ಅಂದರೆ ಕುಂದುಜ್ ಹೇಳಬೇಕಾಗಿದ್ದ ಮೊದಲ ಹೆಸರು ಆ ಮುದುಕರ ಸತ್ತ ಮಗನದು, ಎರಡನೆಯದು ಅವರದೇ. ಮಗನ ಹೆಸರನ್ನೂ ತಮ್ಮ ಹೆಸರನ್ನೂ ಮೊಮ್ಮಗಳ ಬಾಯಲ್ಲಿ ಕೇಳಲು ಹಳ್ಳಿಯಿಂದ ಬಸ್ಸಿನಲ್ಲಿ ಬಂದ ಹಿರಿಯರು, ಬದುಕಿರುವಾಗಲೇ ತಮ್ಮ ವಂಶವೃಕ್ಷದಿಂದ ಕೆಳಗೆ ಬಿದ್ದಿದ್ದರು. ತಳ್ಳಿದವನು ಚಪ್ಪಾಳೆ ಗಿಟ್ಟಿಸಿಕೊಂಡು, ಬಹುಮಾನವನ್ನೂ ಪಡೆದು ಬಂದಿದ್ದ. ಭೂಮಿ ಬಾಯ್ದೆರೆಯಬಾರದೇ ಎಂದು ಜನ ಯಾಕೆ ಹೇಳುತ್ತಾರೆಂದು ಅವನಿಗೆ ಆಗ ತಿಳಿಯಿತು.

"ಆ ಏಳು ಹೆಸರು ಹೇಳು. ನಾಳೆಯೇ ಶಾಲೆಗೆ ಹೋಗಿ ಮರ ಬದಲಾಯಿಸ್ತೀನಿ."

"ನಾನು ಹೇಗೆ ಹೇಳಲಿ? ಗಂಡ ಸತ್ತರೂ ನಾನು ಆ ಮನೆಗೆ ಸೊಸೆಯೇ. ಸೊಸೆಯಾದವಳು ಮಾವನ ಕಡೆಯ ಹಿರಿಯರ ಹೆಸರು ಎತ್ತುವ ಹಾಗಿಲ್ಲ. ಹೋಗಿ, ಅವರನ್ನೇ ಕೇಳಿ."

"ಅವರನ್ನೇ? ಯಾವ ಮುಖ ಇಟ್ಟುಕೊಂಡು ಹೋಗಲಿ?"

"ಇರೋದು ಒಂದೇ ಅಲ್ವಾ? ಅದನ್ನೇ ತಗೊಂಡು ಹೋಗಿ."

ಮೂರು ದಿನ ತಡೆದ. ಆ ಮೂರು ದಿನವೂ ಕುಂದುಜ್ ಅವನನ್ನು ಬಾಯ್ಕೆ ಎಂದು ಕೂಡ ಕರೆಯಲಿಲ್ಲ. ನಲ್ಲಿ ರಿಪೇರಿಯವನ ಪಕ್ಕದ ಜಾಗವೂ ಹೋಗಿತ್ತು. ನಾಲ್ಕನೆಯ ದಿನ ಒಂದು ಕುರಿಯ ಕಾಲು, ಸಕ್ಕರೆ, ಬಿಸಿ ರೊಟ್ಟಿಗಳನ್ನು ಚೀಲಕ್ಕೆ ತುಂಬಿಕೊಂಡು ಹಳ್ಳಿಯ ಬಸ್ಸು ಹತ್ತಿದ.

ಮುಕಾಷ್ ತಾತ ಬಾಗಿಲಲ್ಲೇ ಇದ್ದರು. ಒಳಗೆ ತಿರುಗಿ ಹೆಂಡತಿಗೆ ಕೂಗಿ ಹೇಳಿದರು: "ಲೇ, ಟೀವಿ ಬಂದಿದೆ!"

ಅವನನ್ನು ಚಪ್ಪಲಿಗಳ ಪಕ್ಕದಲ್ಲಿ ಕೂರಿಸಿದರು. ಅಜ್ಜಿ ಬಟ್ಟಲಿಗೆ ಚಹಾ ಹೊಯ್ದಳು, ಅಂಚಿನವರೆಗೂ ತುಂಬಿ ತುಳುಕುವಂತೆ. ಬೇಕಾದ ನೆಂಟನಿಗೆ ಅಲ್ಲಿ ಅರ್ಧ ಬಟ್ಟಲು ಹೊಯ್ಯುತ್ತಾರೆ, ಮತ್ತೆ ಮತ್ತೆ ಕೇಳಿ ತುಂಬುವುದಕ್ಕೆ. ತುಂಬಿದ ಬಟ್ಟಲೆಂದರೆ, ಕುಡಿದು ಎದ್ದು ಹೊರಡು ಎಂದರ್ಥ. ತೊಲೊಮುಷ್ ಅದನ್ನು ತುಟಿಗೆ ಸೋಕಿಸಲೂ ಹೆದರಿ ಎರಡು ಕೈಯಲ್ಲಿ ಹಿಡಿದುಕೊಂಡೇ ಕುಳಿತ. ಬೆರಳು ಸುಡುತ್ತಿತ್ತು. ಸುಡಲಿ!

"ತಪ್ಪಾಯ್ತು, ತಾತ" ಎಂದ. ನಲವತ್ತು ಸಿನಿಮಾಗಳಲ್ಲಿ ಕ್ಷಮೆ ಕೇಳಿದ ಆ ಕಂಠ ಈಗ ಬಾಗಿಲ ಕೀಲಿನಂತೆ ಕಿರುಗುಟ್ಟಿತು. "ಸಿನಿಮಾದಲ್ಲಿ ಹಾಗೇ ಮಾಡ್ತಾರೆ... ನಾನೂ..."

"ನಿನ್ನ ಸಿನಿಮಾಗಳಲ್ಲಿ ಹುಡುಗಿಯ ಸತ್ತ ಅಪ್ಪ ಎಲ್ಲಿರ್ತಾನೆ?"

"ಗೋಡೆ ಮೇಲೆ, ತಾತ. ಫೋಟೋದಲ್ಲಿ. ಒಂದೆರಡು ಕ್ಷಣ ತೋರಿಸ್ತಾರೆ."

"ಅವನಿಗೆ ಅಪ್ಪ ಇರ್ತಾನಾ?"

ತೊಲೊಮುಷ್ ಯೋಚಿಸಿದ. ನಲವತ್ತು ಸಿನಿಮಾಗಳನ್ನೂ ಮನಸ್ಸಿನಲ್ಲೇ ತಿರುವಿಹಾಕಿದ. ಕುಂಟ ನಾಯಿ ಇತ್ತು, ಮಾತಾಡುವ ಗಿಳಿ ಇತ್ತು, ಎದುರು ಮನೆಯ ದಪ್ಪ ಹೆಂಗಸಿದ್ದಳು. ಸತ್ತವನ ಅಪ್ಪ ಒಂದರಲ್ಲೂ ಇರಲಿಲ್ಲ.

"ಇಲ್ಲ, ತಾತ."

"ಅದಕ್ಕೇ ನಿನಗೆ ನಾನು ಕಾಣಿಸಲಿಲ್ಲ" ಎಂದರು ಮುದುಕರು. "ನಿನ್ನ ಬೆನ್ನಿಗೆ ಮೊಣಕಾಲು ತಗಲುವಷ್ಟು ಹತ್ತಿರ ಕೂತಿದ್ದೆನಪ್ಪ."

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ತೊಲೊಮುಷ್ ತಲೆ ತಗ್ಗಿಸಿದ. ಚಹಾದಲ್ಲಿ ತನ್ನ ಮುಖ ಕಂಡಿತು. ಅದನ್ನೂ ನೋಡಲಾರದೆ ಕಣ್ಣು ಮುಚ್ಚಿಕೊಂಡ.

ಮುದುಕರು ಅವನ ಕೈಯಿಂದ ಬಟ್ಟಲು ತೆಗೆದು ಕೆಳಗಿಟ್ಟು, "ಕಾಗದ ತಂದಿದ್ದೀಯಾ? ಬರಕೋ" ಎಂದರು. "ತಾಲಾಯ್. ಅದು ನನ್ನ ಮಗ. ಎರಡನೆಯದು ಮುಕಾಷ್. ಅದು ನಾನು, ಇನ್ನೂ ಇದ್ದೀನಿ. ಮೂರನೆಯದು ನನ್ನಪ್ಪ..." ಒಂದೊಂದು ಹೆಸರಿನ ಹಿಂದೆಯೂ ಒಂದೊಂದು ಕತೆ ಬಂತು, ಒಬ್ಬ ಕುದುರೆ ಪಳಗಿಸುತ್ತಿದ್ದ, ಒಬ್ಬ ಸೊಗಸಾಗಿ ಸುಳ್ಳು ಹೇಳುತ್ತಿದ್ದ. ಏಳೂ ಹೆಸರು ಕಾಗದಕ್ಕೆ ಇಳಿದವು.

ತೊಲೊಮುಷ್ ಕಣ್ಣೊರೆಸಿಕೊಂಡು ಉತ್ಸಾಹದಿಂದ, "ತಾತ, ಸಭೆ ಸೇರಿಸ್ತೀನಿ! ಇಡೀ ಶಾಲೆಯ ಮುಂದೆ ನಾನೇ ಮೈಕ್ ಹಿಡಿದು..." ಎನ್ನುವಷ್ಟರಲ್ಲಿ ಮುದುಕ ಮುದುಕಿ ಇಬ್ಬರೂ ಒಟ್ಟಿಗೆ ಕೂಗಿದರು:

"ಬೇಡ!"

ಮಂಗಳವಾರ ಕೊನೆಯ ಗಂಟೆ ಹೊಡೆದ ಮೇಲೆ, ಕುಂದುಜ್‌ಳ ತರಗತಿಯಲ್ಲೇ ಇನ್ನೊಮ್ಮೆ ನಡೆಸುವುದೆಂದು ಟೀಚರ್ ಒಪ್ಪಿದರು. ಚಿತ್ರಕಲೆಯ ಮೇಷ್ಟರು ಹೊಸ ಮರ ಬರೆದು ತಂದರು. ಕುಂದುಜ್ ಕೂಡ ಒಪ್ಪಿದಳು. ಆದರೆ ಅವಳದು ಒಂದು ಷರತ್ತು ಇತ್ತು. ಅದನ್ನು ಅವಳು ಅಮ್ಮನ ಮೂಲಕ ಹೇಳಿ ಕಳಿಸಿದಳು: "ಅವರು ಹೊರಗಿರಬೇಕು."

ಹೀಗೆ ಊರಿಗೆಲ್ಲ ಗೊತ್ತಿದ್ದ ಕಂಠ ಶಾಲೆಯ ವರಾಂಡದಲ್ಲಿ ಹೊರಗೆ ನಿಂತಿತು. ಒಂದು ತೋಳಿನ ಮೇಲೆ ಹೆಂಡತಿಯ ಕೋಟು, ಇನ್ನೊಂದರ ಮೇಲೆ ಹುಡುಗಿಯ ಕೋಟು, ಹೆಗಲ ಮೇಲೆ ತಾತನ ಕೋಟು. ಎದುರಿನ ಗೋಡೆಯ ಮೇಲೆ ಅವನ ಹೆಸರಿನ ಜೊತೆಗೆ ಅವನ ಆರು ಪಿತೃಗಳು ಹಸಿರು ಬಣ್ಣದಲ್ಲಿ ನಿಂತು ಅವನನ್ನು ದುರುಗುಟ್ಟಿ ನೋಡುತ್ತಿದ್ದರು. ನೆಲ ಒರೆಸುವ ಹೆಂಗಸು ಬಂದು, "ಬಾಯ್ಕೆ, ಕಾಲೆತ್ತಿ" ಎಂದಳು. ಎತ್ತಿದ.

ಬಾಗಿಲ ಸಂದಿಯಿಂದ ಕುಂದುಜ್‌ಳ ದನಿ ಕೇಳಿಸಿತು. "ನಾನು ಕುಂದುಜ್. ನನ್ನ ತಂದೆ..."

ನಿಂತಳು.

ತೊಲೊಮುಷ್‌ನ ಎದೆಯೂ ನಿಂತಿತು. ಒಂದು ಕ್ಷಣ, ಐದು ಕ್ಷಣ, ಹತ್ತು ಕ್ಷಣ. ಆ ಹೆಸರು ಈಗ ಅವನಿಗೂ ಬಾಯಿಪಾಠ. ಹೇಳು ತಾಯೀ, ಹೇಳು! ನಾಲಿಗೆಯ ತುದಿಗೆ ಬಂತು, ಹಲ್ಲಿನವರೆಗೂ ಬಂತು. ಪಾಪಿ ನಾಲಿಗೆ, ಇಪ್ಪತ್ತು ವರ್ಷದಿಂದ ಯಾರ ಬಾಯಿ ಅಲುಗಿದರೂ ತಾನು ಆಡಿದ ನಾಲಿಗೆ! ಕೈಗಳಲ್ಲಿ ಕೋಟುಗಳಿದ್ದವು. ಬಾಯಿ ಮುಚ್ಚಲು ಬೇರೆ ದಾರಿ ಕಾಣದೆ, ತಲೆ ಕೊಡವಿ ಉಣ್ಣೆಯ ಟೋಪಿಯನ್ನು ತಾತನ ಕೋಟಿನ ಮೇಲೆ ಬೀಳಿಸಿಕೊಂಡು, ಅದಕ್ಕೇ ಬಾಯಿ ಹಾಕಿ ಬಲವಾಗಿ ಕಚ್ಚಿ ಹಿಡಿದ.

"...ತಾಲಾಯ್" ಎಂದಳು ಒಳಗೆ ಕುಂದುಜ್. ದೊಡ್ಡ ದನಿಯೇನಲ್ಲ. ಆದರೆ ಸ್ಪಷ್ಟವಾಗಿ ಹೇಳಿದಳು. "ಅವರ ತಂದೆ ಮುಕಾಷ್." ಯಾರೋ ಮೂಗು ಸೀಟಿದ ಸದ್ದು. ಆಮೇಲೆ ಉಳಿದ ಐವರೂ ಮೆಟ್ಟಿಲಿಳಿದ ಹಾಗೆ ಒಬ್ಬರ ಹಿಂದೆ ಒಬ್ಬರು ಬಂದರು. ಚಪ್ಪಾಳೆ ಇರಲಿಲ್ಲ. ಪಿಟೀಲೂ ಇರಲಿಲ್ಲ. ತೊಲೊಮುಷ್‌ನ ಕಣ್ಣಿನಿಂದ ನೀರು ಹರಿದು ಟೋಪಿಗೆ ಇಳಿಯುತ್ತಿತ್ತು.

ಬಾಗಿಲು ತೆರೆಯಿತು. ಕುಂದುಜ್ ಮೊದಲು ಹೊರಗೆ ಬಂದಳು. ತನ್ನ ಕೋಟನ್ನು ತೆಗೆದುಕೊಂಡಳು. ಬಾಯಲ್ಲಿ ಉಣ್ಣೆ ತುಂಬಿಕೊಂಡು ನಿಂತ ಮನುಷ್ಯನನ್ನು ಕೆಳಗಿನಿಂದ ಮೇಲೆ ನೋಡಿದಳು. ಎಂಟು ದಿನದ ಮೇಲೆ ಅವನೊಂದಿಗೆ ಮಾತಾಡಿದಳು.

"ಬಾಯ್ಕೆ, ಹಸಿವಾಗಿತ್ತಾ?"

ಟೋಪಿ ತೆಗೆದ. ಎರಡು ಸಾಲು ಹಲ್ಲಿನ ಗುರುತು ಬಿದ್ದಿತ್ತು. "ಇಲ್ಲ ಕಣಮ್ಮ. ನೀನು ನಡುವೆ ನಿಂತಾಗ... ಎಲ್ಲಿ ಬಾಯಿ ಬಿಟ್ಟುಬಿಡ್ತೀನೋ ಅಂತ..."

ಕುಂದುಜ್ ಟೋಪಿಯನ್ನು ಕೈಗೆ ತೆಗೆದುಕೊಂಡು, ಹಲ್ಲಿನ ಗುರುತಿನ ಮೇಲೆ ಬೆರಳಾಡಿಸಿ, ಲೆಕ್ಕದ ಮೇಷ್ಟರಂತೆ ಪರೀಕ್ಷಿಸಿದಳು.

"ಇದು ಚಿಕ್ಕದಾಯ್ತು" ಎಂದಳು. "ಮುಂದಿನ ವರ್ಷ ಒಳಗೆ ಕೂತ್ಕೊಳ್ಳೋದಾದ್ರೆ ಇದಕ್ಕಿಂತ ದೊಡ್ಡದು ತನ್ನಿ."

ಮುಂದಿನ ವರ್ಷವನ್ನು ಕಾಯಲು ಅವನಿಂದಾಗಲಿಲ್ಲ. ಮರುದಿನ ಬೆಳಿಗ್ಗೆ ಬಜಾರು ಬಾಗಿಲು ತೆರೆಯುವ ಮೊದಲೇ ಟೋಪಿ ಮಾರುವ ಹೆಂಗಸಿನ ಮುಂದೆ ನಿಂತಿದ್ದ. "ಇರೋದರಲ್ಲೆಲ್ಲ ದೊಡ್ಡದು ಕೊಡಮ್ಮ" ಎಂದ.

ಆಕೆ ಅಳತೆಯ ಪಟ್ಟಿ ಹಿಡಿದು ಅವನ ನೆತ್ತಿಯನ್ನು ನೋಡಿದಳು. "ನಿಮ್ಮದು ಅಂಥಾ ದೊಡ್ಡ ತಲೆಯೇನಲ್ಲವಲ್ಲ, ಬಾಯ್ಕೆ?"

"ತಲೆಗಲ್ಲಮ್ಮ" ಎಂದ ತೊಲೊಮುಷ್, ಆದಷ್ಟು ಮೆಲ್ಲಗೆ. "ಬಾಯಿಗೆ."